ಮಂಜುಳಾಳ ಜೊತೆ ಕೆಂಗೇರಿ ಉಪನಗರಕ್ಕೆ

ಬೆಳಗಿನ ಕಾಫಿ ಮುಗಿಸಿ ರಾಜಾಜಿನಗರದ ಮನೆಯಿಂದ ಹೊರಟಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಭಾನುವಾರ. ಯುಗಾದಿಗೆ ಇನ್ನೂ ಕೆಲವು ವಾರ ಇತ್ತು. ಹೊರಟದ್ದು ದೂರದ ಊರಿಗಲ್ಲ, ಕೆಂಗೇರಿ ಉಪನಗರಕ್ಕೆ. ಎರಡು ಬಸ್ಸು, ಹೆಚ್ಚೆಂದರೆ ಹದಿನೈದು ಕಿಲೋಮೀಟರು. ಬ್ಯಾಗಿನಲ್ಲಿ ನೀರಿನ ಬಾಟಲು, ಬಿ.ಪಿ. ಮಾತ್ರೆ, ಕೊಡೆ. ದಾರಿಯಲ್ಲಿ ವಿಜಯನಗರದಲ್ಲಿ ಇಳಿದು ಮಂಜುಳಾಳನ್ನು ಕರೆದುಕೊಳ್ಳಬೇಕಿತ್ತು.

ಮಂಜುಳಾ ಯಾರು ಎನ್ನುವ ಮೊದಲು ನಮ್ಮ ಸೆಂಟರಿನ ವಿಷಯ ಹೇಳಬೇಕು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವಳು. ಯಜಮಾನರು ಹೋದ ಮೇಲೆ ಸುಮ್ಮನೆ ಕೂತಿರಲಾರದೆ, ಪರಿಚಿತರೊಬ್ಬರು ಕರೆದರೆಂದು, ಬಸವೇಶ್ವರನಗರದ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿರುವ ಆ ಪುಟ್ಟ ಸೆಂಟರಿಗೆ ಹೋಗತೊಡಗಿದೆ. ಅಲ್ಲಿ ಎರಡು ಕೋಣೆ. ಒಂದರಲ್ಲಿ ಜೈಲಿನಿಂದ ಹೊರಗೆ ಬಂದವರು ಕೂರುತ್ತಾರೆ. ಕೆಲಸ ಬೇಕು, ತಲೆ ಮೇಲೆ ಸೂರು ಬೇಕು, ಮನೆಯವರು ಸೇರಿಸುತ್ತಿಲ್ಲ, ಹೀಗೆ. ಇನ್ನೊಂದರಲ್ಲಿ ಅವರಂಥವರಿಂದ ಪೆಟ್ಟು ತಿಂದವರು. ಮಗನನ್ನು ಕಳೆದುಕೊಂಡ ತಾಯಿ, ಮನೆಗೆ ಕಳ್ಳ ನುಗ್ಗಿದ ಮೇಲೆ ನಿದ್ದೆಯೇ ಬಾರದ ಮುದುಕ, ಕೋರ್ಟಿಗೆ ಒಬ್ಬಳೇ ಹೋಗಿ ಸಾಕ್ಷಿ ಹೇಳಲು ಹೆದರುವ ಹುಡುಗಿ. ಎರಡೂ ಕಡೆಯವರನ್ನು ಒಬ್ಬರೇ ನೋಡಿಕೊಳ್ಳಕೂಡದು ಎಂಬುದು ಅಲ್ಲಿಯ ರೂಲು. ನಾನು ಮೊದಲನೆಯ ಕೋಣೆ. ಎರಡನೆಯದು ರೂಪಾಳದು, ಸೋಶಿಯಲ್ ವರ್ಕ್ ಓದಿದ ಚುರುಕು ಹುಡುಗಿ.

ಮಂಜುಳಾ ಗಂಡನನ್ನು ಕೊಂದು ಜೈಲಿಗೆ ಹೋದವಳು. ಆಗ ಅವರ ಸಂಸಾರ ನಾಯಂಡಹಳ್ಳಿಯ ಒಂದು ವಠಾರದಲ್ಲಿತ್ತು. ಅವನು ಕುಡಿದು ಬಂದು ಹೊಡೆಯುತ್ತಿದ್ದ. ಒಂದು ಸಂಜೆ ಇವಳು ಕೈಗೆ ಸಿಕ್ಕ ಗುಂಡುಕಲ್ಲಿನಿಂದ ತಿರುಗಿ ಹೊಡೆದಳು. ಮಗಳು ಕಾವ್ಯ ಆಗ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಈಗ ಒಂಬತ್ತನೆಯ ಕ್ಲಾಸು. ಸನ್ನಡತೆಯ ಮೇಲೆ ಮಂಜುಳಾಳನ್ನು ಬೇಗ ಬಿಟ್ಟಿದ್ದರು. ವಿಜಯನಗರದಲ್ಲಿ ಸೆಂಟರಿನವರೇ ನಡೆಸುವ ಹೆಂಗಸರ ಹಾಸ್ಟೆಲಿನಲ್ಲಿದ್ದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಕಾವ್ಯ ಬೆಳೆದದ್ದು ಉಪನಗರದಲ್ಲಿ, ಅಜ್ಜಿ ಹೊನ್ನಮ್ಮನ ಹತ್ತಿರ. ಹೊನ್ನಮ್ಮ ಎಂದರೆ ಸತ್ತವನ ತಾಯಿ. ಅವರೂ ನಮ್ಮ ಸೆಂಟರಿಗೆ ಬರುತ್ತಿದ್ದರು, ಎರಡನೆಯ ಕೋಣೆಗೆ.

ರೂಪಾ ಅವರ ಹತ್ತಿರ ತಿಂಗಳುಗಟ್ಟಲೆ ಕೂತು ಮಾತಾಡಿ ಕಡೆಗೆ ಒಂದು ಒಪ್ಪಿಗೆ ತಂದಿದ್ದಳು. ಮಂಜುಳಾ ಒಂದು ಸಲ ಬರಬಹುದು. ಜಗಲಿಯಲ್ಲಿ ಕೂರಬಹುದು, ಒಳಗೆ ಬರುವಂತಿಲ್ಲ. ಮಗಳಿಗೆ ಇಷ್ಟವಿದ್ದರೆ ಹೊರಗೆ ಬರುತ್ತಾಳೆ. ಇನ್ನೊಂದು ಸಲ ಬರಬಹುದೋ ಇಲ್ಲವೋ, ಅದು ಆ ದಿನ ಹೇಗೆ ನಡೆಯುತ್ತದೋ ನೋಡಿಕೊಂಡು.

ರೂಪಾಳೂ ಬರಬೇಕಿತ್ತು, ಹೊನ್ನಮ್ಮನ ಪರವಾಗಿ. ಹಿಂದಿನ ದಿನದಿಂದ ಅವಳಿಗೆ ಜ್ವರ. ಮುಂದಕ್ಕೆ ಹಾಕೋಣವೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಹೊನ್ನಮ್ಮ, “ಬರೋದಾದ್ರೆ ಬರ್ಲಿ. ಮುಂದಕ್ಕೆ ಹಾಕಿದ್ರೆ ನನ್ ಮನಸ್ಸು ಹಿಂದಕ್ಕೆ ಹೋಗುತ್ತೆ” ಎಂದರಂತೆ.

ವಿಜಯನಗರದ ಹಾಸ್ಟೆಲು ಆರ್‌ಪಿಸಿ ಲೇಔಟಿನ ಒಳರಸ್ತೆಯಲ್ಲಿದೆ. ನಾನು ಮದುವೆಯಾಗಿ ಈ ಕಡೆಗೆ ಬಂದಾಗ ಇಲ್ಲೆಲ್ಲ ರಾಗಿ ಹೊಲ, ನಡುನಡುವೆ ಹೊಂಗೆ ಮರ. ಈಗ ಹೊಂಗೆ ಮರ ಹುಡುಕಬೇಕಾದರೆ ಪಾರ್ಕಿಗೆ ಹೋಗಬೇಕು. ಗೇಟಿನ ಹತ್ತಿರ ಮಂಜುಳಾ ಹಳದಿ ಬಣ್ಣದ ನೂಲಿನ ಸೀರೆಯುಟ್ಟು ನಿಂತಿದ್ದಳು, ಯಾರದೋ ಎರವಲು. ಸುತ್ತ ಹಾಸ್ಟೆಲಿನ ಹೆಂಗಸರು.

“ನೋಡಿ ಮಿಸ್, ಹೆಣ್ಣು ನೋಡೋಕೆ ಹೊರಟವಳ ಥರ ಇದಾಳೆ,” ಎಂದಳು ಒಬ್ಬಳು.

“ಹೆಣ್ಣು ನೋಡೋಕೇ ತಾನೇ ಕಣೇ ಹೊರಟಿರೋದು,” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಅವರಲ್ಲೇ ಯಾರೋ ಅವಳ ಜಡೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದ್ದರು. ಮೂಲೆ ತಿರುಗಿದ್ದೇ ಮಂಜುಳಾ ಅದನ್ನು ತೆಗೆದು ಒಂದು ಮನೆಯ ಕಾಂಪೌಂಡಿನ ಮೇಲೆ ಇಟ್ಟಳು. “ಅತ್ತೆ ಎದುರಿಗೆ ಹೂ ಮುಡ್ಕೊಂಡು ಹೆಂಗೆ ಹೋಗ್ಲಿ ಮಿಸ್?” ಎಂದಳು. ನನಗೆ ಅದು ಹೊಳೆದಿರಲಿಲ್ಲ.

ಬಸ್‌ಸ್ಟಾಪಿನ ಎದುರಿನ ದರ್ಶಿನಿಯಲ್ಲಿ ಇಡ್ಲಿ ತಿಂದೆವು. ಚಟ್ನಿ ತೆಳ್ಳಗಿತ್ತು, ಕಾಫಿ ಪರವಾಗಿಲ್ಲ. ತಿಂದಾದ ಮೇಲೆ ಮಂಜುಳಾ ಕಾಣಿಸಲಿಲ್ಲ. ನೋಡಿದರೆ ಕೈತೊಳೆಯುವ ಸಿಂಕಿನ ಹತ್ತಿರ ನಿಂತು ತನ್ನ ತಟ್ಟೆ, ನನ್ನ ತಟ್ಟೆ ಎರಡನ್ನೂ ಉಜ್ಜಿ ತೊಳೆಯುತ್ತಿದ್ದಳು. “ಆಂಟಿ, ಬಿಡಿ ಆಂಟಿ, ನಮ್ ಓನರ್ ನೋಡಿದ್ರೆ ನಿಮ್ಮನ್ನ ಕೆಲಸಕ್ಕೇ ಇಟ್ಕೊಂಬಿಡ್ತಾರೆ,” ಎಂದು ಟೇಬಲ್ ಒರೆಸುವವನು ತಮಾಷೆ ಮಾಡಿದ. ಜೈಲಿನಲ್ಲಿ ಅವರವರ ತಟ್ಟೆ ಅವರವರೇ ತೊಳೆಯಬೇಕು. ಕೈ ಇನ್ನೂ ಅಲ್ಲಿಯೇ ಇತ್ತು.

ಮೈಸೂರು ರಸ್ತೆಯ ಬಸ್ಸು ತುಂಬಿತ್ತು. “ಒಳಗ್ ಹೋಗೀಮ್ಮ, ಒಳಗೆ, ಡೋರಲ್ಲಿ ಏನ್ ಜಾತ್ರೆ!” ಎಂದು ಕಂಡಕ್ಟರು ಕೂಗುತ್ತಲೇ ನನ್ನ ಬಿಳಿಗೂದಲು ನೋಡಿ ಒಬ್ಬ ಹುಡುಗನನ್ನು ಎಬ್ಬಿಸಿ ಸೀಟು ಕೊಡಿಸಿದ. ಪಕ್ಕದಲ್ಲಿದ್ದ ಹೆಂಗಸು ಎದ್ದು ಇಳಿದ ಮೇಲೆ ಮಂಜುಳಾಗೂ ಜಾಗ ಸಿಕ್ಕಿತು. ಹಿಂದಿನ ಸೀಟಿನ ಒಬ್ಬ ಅಜ್ಜಿಗೆ ಮಾತು ಬೇಕಿತ್ತು.

“ಯಾವೂರಮ್ಮ ನಿಂದು?”

“ಮಾಗಡಿ ಕಡೆ.”

“ಇಲ್ಲೆಲ್ಲಿರೋದು?”

“ಹಾಸ್ಟೆಲಲ್ಲಿ,” ಎಂದಳು ಮಂಜುಳಾ. “ತುಂಬಾ ವರ್ಷದಿಂದ.”

“ಅಯ್ಯೋ, ಹಾಸ್ಟೆಲ್ ಊಟ ಬಾಯಿಗಿಡಕ್ಕಾಗಲ್ಲ ಅಂತಾಳೆ ನಮ್ ಮೊಮ್ಮಗಳು.”

“ಅಭ್ಯಾಸ ಆಗೋಗುತ್ತೆ ಅಜ್ಜಿ,” ಎಂದು ಮಂಜುಳಾ ಕಿಟಕಿ ಕಡೆ ತಿರುಗಿದಳು.

ನಾಯಂಡಹಳ್ಳಿ ಬಂದಾಗ ಬಸ್ಸು ಸಿಗ್ನಲಿನಲ್ಲಿ ನಿಂತಿತು. ಅವಳು ತಲೆ ತಗ್ಗಿಸಿ ತನ್ನ ಕಾಲನ್ನೇ ನೋಡುತ್ತ ಕೂತಳು. ಬಸ್ಸು ಹೊರಟು ಬಹಳ ಹೊತ್ತಾದ ಮೇಲೆಯೇ ಕತ್ತೆತ್ತಿದ್ದು. ಆ ಹೊತ್ತಿಗೆ ವೃಷಭಾವತಿಯ ನಾತ ಕಿಟಕಿಯಿಂದ ಒಳಗೆ ಬಂದು ಎಲ್ಲರೂ ಸೆರಗು, ಕರ್ಚೀಫು ಹುಡುಕುತ್ತಿದ್ದರು. ಇದೇ ಹೊಳೆಗೆ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನಮ್ಮನ್ನು ಪಿಕ್‌ನಿಕ್ ಕರೆತಂದಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ರೈಲಿನಲ್ಲಿ ಕೆಂಗೇರಿಗೆ ಬಂದು ಇಳಿದು, ಸ್ಯಾಂಡ್‌ವಿಚ್ ಬುಟ್ಟಿ ಹೊತ್ತುಕೊಂಡು, ಷೂ ಬಿಚ್ಚಿ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದೆವು. ಸಣ್ಣ ಮೀನುಗಳು ಪಾದಕ್ಕೆ ಮುತ್ತುತ್ತಿದ್ದವು. ಈಗ ನೊರೆ ಮಾತ್ರ. ಹಾಗೆ ನೊರೆಯನ್ನು ನೋಡುತ್ತ ನನಗೂ ಮನಸ್ಸು ಕುಗ್ಗಿತು.

ಉಪನಗರದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಬೀದಿಗಳು ನೇರ, ಮರಗಳು ಕಡಿಮೆ. ಹೊನ್ನಮ್ಮನ ಮನೆ ಹೌಸಿಂಗ್ ಬೋರ್ಡಿನ ಹಳೆಯ ಸಣ್ಣ ಮನೆಗಳಲ್ಲಿ ಒಂದು. ಕಬ್ಬಿಣದ ಗೇಟು, ಒಳಗೆ ಸಿಮೆಂಟಿನ ಜಗಲಿ, ಅದರ ಮೇಲೆ ಗೋಣಿತಟ್ಟು ಹಾಸಿ ಹೊಸ ಹುಣಸೆಹಣ್ಣು ಹರವಿದ್ದರು. ಹೊನ್ನಮ್ಮ ಕಾಲು ಚಾಚಿ ಕೂತು ಒಂದು ಚಿಕ್ಕ ಸುತ್ತಿಗೆಯಿಂದ ಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದರು. ತೆಳ್ಳನೆಯ ಮೈಯ, ಗಟ್ಟಿ ದನಿಯ ಹೆಂಗಸು. ನನಗಿಂತ ಚಿಕ್ಕವರೇ ಇರಬೇಕು, ನೋಡಿದರೆ ಹಾಗೆ ಅನ್ನಿಸುವುದಿಲ್ಲ.

“ಬನ್ನಿ ಮೇಡಮ್ಮೋರೆ,” ಎಂದರು ನನಗೆ. “ಅವಳಿಗೂ ಕೂತ್ಕೊಳ್ಳೋಕೆ ಹೇಳಿ.”

ಅವಳು ಅಲ್ಲೇ, ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನಾನು ಹೇಳಿದೆ. ಕೂತಳು.

“ನೀರು ಕುಡೀತೀರಾ?”

“ಬೇಡ ಅತ್ತೆ,” ಎಂದಳು ಮಂಜುಳಾ.

“ನಾನು ನಿಮ್ಮನ್ನ ಕೇಳಿದ್ದು ಮೇಡಮ್ಮೋರೆ.”

ಕುಡೀತೀನಿ ಎಂದೆ. ಒಳಗಿನಿಂದ ಒಂದು ತಟ್ಟೆಯಲ್ಲಿ ಎರಡು ಲೋಟ ಬಂದವು. ತಂದವಳು ಕಾವ್ಯ. ಎರಡು ಜಡೆ, ಉದ್ದ ಕೈ, ತಾಯಿಯದೇ ಹಣೆ. ಲೋಟಗಳನ್ನು ಇಟ್ಟು ಓಡಿಹೋಗಿ ಬಾಗಿಲ ಹಿಂದೆ ನಿಂತಳು. ಮಂಜುಳಾ ತಲೆ ಎತ್ತಲಿಲ್ಲ. ಅವಳ ಕೈಗಳು ತಾವಾಗಿಯೇ ಹುಣಸೆಹಣ್ಣಿನ ಕಡೆ ಹೋಗಿ ನಾರು ಬಿಡಿಸತೊಡಗಿದವು. ಹೊನ್ನಮ್ಮ ಒಂದು ಕ್ಷಣ ನೋಡಿದರು. ಬೇಡ ಎನ್ನಲಿಲ್ಲ. ಸುತ್ತಿಗೆಯನ್ನು ಮಾತ್ರ ತಮ್ಮ ಆಚೆ ಬದಿಗೆ ಸರಿಸಿಕೊಂಡು, ಆಮೇಲೆ ಬೀಜವನ್ನು ಬೆರಳಿನಿಂದಲೇ ತೆಗೆದರು.

ಬಾಗಿಲ ಹಿಂದಿನಿಂದ ಪ್ರಶ್ನೆ ಬಂತು. “ಆಂಟಿ, ನೀವು ಪೊಲೀಸಾ?”

“ಅಲ್ಲಮ್ಮ, ಟೀಚರ್ ಆಗಿದ್ದೆ. ಇಂಗ್ಲಿಷ್.”

“ಅಯ್ಯಪ್ಪಾ, ಅದಕ್ಕಿಂತ ಪೊಲೀಸೇ ವಾಸಿ.”

“ಏಯ್, ಬಾಯಿ!” ಎಂದು ಗದರಿಸುತ್ತಲೇ ಹೊನ್ನಮ್ಮ ನಕ್ಕುಬಿಟ್ಟರು. ಕಾವ್ಯ ನಕ್ಕಳು. ಮಂಜುಳಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಟ್ಟಿಗೆ ನಗುತ್ತಿದ್ದೇವೆ ಎಂದು ಗೊತ್ತಾದೊಡನೆ ಮೂವರೂ ನಿಲ್ಲಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಹೊಸ್ತಿಲಿನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತಳು. ಹುಣಸೆಹಣ್ಣನ್ನೇ ನೋಡುತ್ತ, “ಅಲ್ಲಿ ಟಿವಿ ಇತ್ತಾ?” ಎಂದಳು.

“ಇತ್ತು. ಸರ್ಕಾರಿ ಚಾನೆಲ್ ಒಂದೇ,” ಎಂದಳು ಮಂಜುಳಾ.

“ಬರೀ ಅದೊಂದೇನಾ? ಥೂ, ಅದೇ ದೊಡ್ಡ ಶಿಕ್ಷೆ.”

“ಮತ್ತೆ! ಭಾನುವಾರ ಹಳೇ ಸಿನಿಮಾ ಹಾಕೋರು. ಮುಗಿಯೋ ಮುಂಚೆನೇ ಬಾಗಿಲು ಹಾಕ್ಬಿಡೋರು. ಒಂದ್ ಸಿನಿಮಾದ್ದೂ ಕೊನೆ ನೋಡ್ಲಿಲ್ಲ ನಾನು.”

ಕಾವ್ಯ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದಳು. ನಾನು ಸುಮ್ಮನೆ ನೀರು ಕುಡಿದೆ. ಟೀಚರ್ ಆಗಿದ್ದವರಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಕಷ್ಟ, ಆದರೂ ಕೂತೆ. ತಾಯಿ ಮಗಳು ಶಾಲೆಯ ವಿಷಯ, ಗಾರ್ಮೆಂಟ್ಸ್ ವಿಷಯ, ಒಂದೊಂದೇ ವಾಕ್ಯ ಆಡುತ್ತಿದ್ದರು. ಆಮೇಲೆ ಕಾವ್ಯ ಇದ್ದಕ್ಕಿದ್ದಂತೆ, “ಅಪ್ಪನ ವಿಷ್ಯ ಒಂದು ಕೇಳ್ಲಾ?” ಎಂದಳು.

ಹೊನ್ನಮ್ಮನ ಕೈ ನಿಂತಿತು.

“ಕೇಳು,” ಎಂದಳು ಮಂಜುಳಾ.

ಹುಡುಗಿ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಇವತ್ತು ಬೇಡ,” ಎಂದಳು. “ಮುಂದಿನ ಸಲ ಬಂದಾಗ ಕೇಳ್ತೀನಿ.”

ಹೊನ್ನಮ್ಮ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ನಾವು ಏಳುವಾಗ ನನ್ನ ಕಡೆ ತಿರುಗಿ, “ಹಬ್ಬ ಆಗ್ಲಿ. ನೋಡೋಣ,” ಎಂದರು. ಇನ್ನೊಂದು ಸಲಕ್ಕೆ ಅವರ ಬಾಯಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿರಲಿಲ್ಲ. ನನ್ನ ಎದೆ ಹಗುರಾಯಿತು.

ಮಂಜುಳಾ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. ಗೇಟಿನ ಹತ್ತಿರ ಹೋಗಿ, “ಹೋಗ್ತೀನಿ ಅತ್ತೆ,” ಎಂದಳು. “ಹೋಗ್ತೀನಿ ಪುಟ್ಟಿ.” ಹೇಳಿ, ತಿರುಗಿ ನೋಡದೆ ಬೀದಿಗೆ ಇಳಿದಳು.

ನಮ್ಮಲ್ಲಿ ಪಕ್ಕದ ಬೀದಿಯ ಅಂಗಡಿಗೆ ಹೋಗುವವರೂ ‘ಬರ್ತೀನಿ’ ಎನ್ನುತ್ತಾರೆ. ‘ಹೋಗ್ತೀನಿ’ ಎಂದು ಮಕ್ಕಳು ಬಾಯಿತಪ್ಪಿ ಅಂದರೂ ತಲೆಗೆ ಮೊಟಕಿ, ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನು ಎಂದು ತಿದ್ದುತ್ತೇವೆ. ಕಾವ್ಯ ಎದ್ದು ನಿಂತಿದ್ದಳು. ಮುಖದಲ್ಲಿ ಅಷ್ಟು ಹೊತ್ತು ಇದ್ದದ್ದು ಏನೋ ಆರಿಹೋಯಿತು. ಒಳಗೆ ಹೋದಳು, ಒಳಕೋಣೆಯ ಕದ ಹಾಕಿದ ಸದ್ದು ಕೇಳಿಸಿತು.

“ನೋಡಿದ್ರಾ ಮೇಡಮ್ಮೋರೆ?” ಎಂದರು ಹೊನ್ನಮ್ಮ. “ಮಗು ಮುಂದಿನ ಸಲ ಅಂತು. ಇವಳು ಹೋಗ್ತೀನಿ ಅಂದ್ಳು. ಹೋಗ್ಲಿ ಬಿಡಿ. ಹಂಗೇ ಹೋಗ್ಲಿ.”

ಮಗಳ ಆ ಪ್ರಶ್ನೆಗೆ ಹೆದರಿ ಮಂಜುಳಾ ಇನ್ನು ಬರುವುದೇ ಬೇಡ ಎಂದು ತೀರ್ಮಾನಿಸಿದ್ದಾಳೆ ಎಂದೇ ನಾನೂ ತಿಳಿದೆ. ಕೈಮುಗಿದು ಹೊರಗೆ ಬಂದೆ.

ಬಸ್‌ಸ್ಟಾಪಿನಲ್ಲಿ ಅವಳು ನಗುತ್ತಿದ್ದಳು. ನಾನು ಅವಳನ್ನು ನೋಡಿದಂದಿನಿಂದ ಅಷ್ಟು ಅಗಲವಾಗಿ ನಕ್ಕದ್ದು ಅದೇ ಮೊದಲು.

“ಮಿಸ್, ಮುಂದಿನ ಸಲ ಅಂದ್ಳು. ಕೇಳಿಸ್ಕೊಂಡ್ರಾ? ಅವಳೇ ಅಂದ್ಳು! ಅವಳಪ್ಪನ ವಿಷ್ಯ ಹೆಂಗೆ ಹೇಳ್ಬೇಕು ಅಂತ ಅಷ್ಟ್ರೊಳಗೆ ನೀವು ನಂಗೆ ಹೇಳ್ಕೊಡ್ಬೇಕು. ಸುಳ್ಳು ಹೇಳ್ಬಾರ್ದು. ಪೂರ್ತಿ ನಿಜಾನೂ ಅವಳಿಗೆ ತಡಕೊಳ್ಳಕ್ಕಾಗಲ್ಲ.”

“ಮತ್ತೆ ಹೋಗ್ತೀನಿ ಅಂತ ಯಾಕಂದೆ ಮಂಜುಳಾ?”

“ಹೊರಟಿದ್ವಲ್ಲ ಮಿಸ್. ಅದಕ್ಕೇ.”

“ಬರ್ತೀನಿ ಅನ್ನಲಿಲ್ಲ ನೀನು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಗು ನಿಧಾನವಾಗಿ ಇಳಿಯಿತು. ಕೈ ಬಾಯಿಯ ಮೇಲೆ ಹೋಯಿತು.

“ಅಲ್ಲಿ ಬರ್ತೀನಿ ಅನ್ನಂಗಿಲ್ಲ ಮಿಸ್,” ಎಂದಳು. “ಯಾರಾದ್ರೂ ಬಿಡುಗಡೆ ಆಗಿ ಹೊರಟಾಗ ಬಾಯ್ತಪ್ಪಿ ‘ಬರ್ತೀನಿ ಕಣ್ರೇ’ ಅಂದ್ರೆ ಎಲ್ರೂ ಬೈಯೋರು, ಬಂದ್ಬಿಡ್ತೀಯಾ ಕಣೇ, ಅನ್ಬೇಡ ಅಂತ. ಹೋಗ್ತೀನಿ ಅನ್ಬೇಕು. ತಿರುಗಿ ನೋಡ್ಬಾರ್ದು. ಕೋರ್ಟಿಗೆ ಹೋಗೋವಾಗ್ಲೂ ಹಂಗೇ, ಆಸ್ಪತ್ರೆಗೆ ಹೋಗೋವಾಗ್ಲೂ ಹಂಗೇ. ಅಲ್ಲಿ ಅದು ಒಳ್ಳೇ ಮಾತು ಮಿಸ್. ಅದಕ್ಕಿಂತ ಒಳ್ಳೇ ಮಾತು ಅಲ್ಲಿ ಇಲ್ಲ.”

ನನಗೆ ನಮ್ಮ ಕಾನ್ವೆಂಟಿನ ಐರಿಷ್ ಸಿಸ್ಟರ್ ನೆನಪಾದರು. ಸಂಜೆ ಮನೆಗೆ ಹೊರಡುವಾಗ ನಾವು “ವಿ ವಿಲ್ ಕಮ್, ಸಿಸ್ಟರ್” ಎಂದರೆ ಅವರು ಸೊಂಟದ ಮೇಲೆ ಕೈಯಿಟ್ಟು, “ಆರ್ ಯು ಕಮಿಂಗ್ ಆರ್ ಗೋಯಿಂಗ್, ಚೈಲ್ಡ್? ಮೇಕ್ ಅಪ್ ಯುವರ್ ಮೈಂಡ್!” ಎಂದು ನಗುತ್ತಿದ್ದರು. ಆ ನಗೆಯನ್ನು ನಾನು ಎಷ್ಟೋ ವರ್ಷ ನೆನೆಸಿಕೊಂಡು ಖುಷಿಪಟ್ಟಿದ್ದೇನೆ. ಆ ಬಸ್‌ಸ್ಟಾಪಿನಲ್ಲಿ ಖುಷಿಯಾಗಲಿಲ್ಲ.

ಬಂದ ಬಸ್ಸನ್ನು ಬಿಟ್ಟು ಹಿಂದಕ್ಕೆ ನಡೆದೆವು. ಅವಳು ಬಹುತೇಕ ಓಡುತ್ತಿದ್ದಳು, ನನ್ನ ಮೊಣಕಾಲು ಅಷ್ಟು ಕೇಳಲಿಲ್ಲ. ಜಗಲಿಯ ಮೇಲಿನ ಗೋಣಿತಟ್ಟನ್ನು ಆಗಲೇ ಎತ್ತಿದ್ದರು. ಗೇಟಿಗೆ ಚಿಲಕ. ನಾನು ಕರೆದೆ. ಹೊನ್ನಮ್ಮ ಬಂದು ಗೇಟಿನ ಒಳಗೆ ನಿಂತರು, ಚಿಲಕ ತೆಗೆಯಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಜೈಲಿನ ಮಾತು, ಅಲ್ಲಿಯ ರೂಢಿ. ಅವರು ಅಡ್ಡ ಬರದೆ ಪೂರ್ತಿ ಕೇಳಿಸಿಕೊಂಡರು.

“ಹಂಗಾದ್ರೆ ನನ್ ಮನೇನೂ ಜೈಲೇನಾ ಅವಳಿಗೆ?”

“ಅಲ್ಲ ಹೊನ್ನಮ್ಮ, ನಾಲಿಗೆ ಅಭ್ಯಾಸ...”

“ಗೊತ್ತಾಯ್ತು ಬಿಡಿ. ನಾನೇನು ದಡ್ಡಿ ಅಲ್ಲ.” ಗೇಟಿನ ಮೇಲೆ ಕೈಯಿಟ್ಟರು. “ಅವತ್ತು ಬೆಳಿಗ್ಗೆ ನನ್ ಮಗ ಇಲ್ಲಿಗೆ ಬಂದಿದ್ದ. ರೊಟ್ಟಿ ತಿಂದ. ‘ಬರ್ತೀನಿ ಕಣವ್ವ’ ಅಂತ ಹೇಳೇ ಹೋದ. ಕುಡೀತಿದ್ದ, ಹೊಡೀತಿದ್ದ, ನಂಗೇನು ಗೊತ್ತಿರ್ಲಿಲ್ವಾ? ಆದ್ರೂ ಹೇಳೇ ಹೋದ.”

ಆಮೇಲೆ, ಆ ದಿನ ಮೊದಲ ಸಲ, ಮಂಜುಳಾಳ ಮುಖ ನೋಡಿ ಮಾತಾಡಿದರು. “ಅವಳು ಕದ ಹಾಕ್ಕೊಂಡು ಅಳ್ತಾವಳೆ. ನಾನು ಕರಿಯಲ್ಲ. ನೀನೂ ಕರೀಬೇಡ. ಅವಳಾಗಿ ಕೇಳಿದ್ರೆ ರೂಪಮ್ಮಂಗೆ ಹೇಳಿ ಕಳಿಸ್ತೀನಿ. ಕೇಳ್ದೆ ಇದ್ರೆ ಇಲ್ಲ.”

ಮಂಜುಳಾ ಗೇಟಿನ ಸರಳು ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತ, “ಬರ್ತೀನಿ ಪುಟ್ಟಿ,” ಎಂದಳು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ದನಿ ಎತ್ತಿ ಮಾತಾಡುವುದು ಅವಳಿಗೆ ಮರೆತೇಹೋಗಿತ್ತು. ಕಿಟಕಿಯ ಪರದೆ ಅಲುಗಲಿಲ್ಲ. ಹೊನ್ನಮ್ಮ ಒಳಗೆ ಹೋದರು.

ವಾಪಸು ಬಸ್ಸಿನಲ್ಲಿ ಸೀಟು ಸುಲಭವಾಗಿ ಸಿಕ್ಕಿತು. ಹೊಳೆಯ ಹತ್ತಿರ ಎಲ್ಲರೂ ಕಿಟಕಿ ಎಳೆದುಕೊಂಡರು, ಅವಳು ಎಳೆಯಲಿಲ್ಲ. ನಾನೂ ಹೇಳಲಿಲ್ಲ. ನಾಯಂಡಹಳ್ಳಿಯಲ್ಲಿ ಈ ಸಲ ತಲೆ ತಗ್ಗಿಸದೆ, ರಸ್ತೆಯಾಚೆಯ ಗಲ್ಲಿಯೊಂದನ್ನು ಬಸ್ಸು ಹೊರಡುವವರೆಗೂ ನೋಡುತ್ತಿದ್ದಳು.

ಇದನ್ನು ಬರೆಯುವ ಹೊತ್ತಿಗೆ ಯುಗಾದಿ ಕಳೆದಿದೆ. ಉಪನಗರದಿಂದ ಯಾರೂ ಹೇಳಿ ಕಳಿಸಿಲ್ಲ. ಹೊನ್ನಮ್ಮ ಸೆಂಟರಿಗೆ ಬರುತ್ತಾರೆ, ಹೋಗುತ್ತಾರೆ. ಎರಡನೆಯ ಕೋಣೆಯಲ್ಲಿ ಆಡಿದ ಮಾತನ್ನು ಮೊದಲನೆಯ ಕೋಣೆಗೆ ದಾಟಿಸಬಾರದು, ಆದ್ದರಿಂದ ನಾನು ಕೇಳುವುದಿಲ್ಲ. ರೂಪಾ ಮೆಟ್ಟಿಲ ಹತ್ತಿರ ಎದುರಾದಾಗ ಇಲ್ಲ ಎಂದು ತಲೆ ಆಡಿಸುತ್ತಾಳೆ, ಅಷ್ಟೇ. ಮಂಜುಳಾ ಅದನ್ನೂ ಕೇಳುವುದಿಲ್ಲ.

ಆ ಸಂಜೆ ವಿಜಯನಗರದಲ್ಲಿ ಇಳಿದು ಅವಳನ್ನು ಹಾಸ್ಟೆಲಿನ ಗೇಟಿನವರೆಗೆ ಬಿಟ್ಟೆ. ಬಿಸಿಲು ಇಳಿದಿತ್ತು. ಹೆಂಗಸರು ಒಳಗೆ ಅಡುಗೆಮನೆಯಲ್ಲಿದ್ದರು, ಒಗ್ಗರಣೆಯ ವಾಸನೆ ಬೀದಿಗೆ ಬರುತ್ತಿತ್ತು. ಹೋದ ಕೆಲಸ ಏನಾಯಿತೆಂದು ಅವರು ಕೇಳುತ್ತಾರೆ, ಅವಳು ಹೇಳಬೇಕು. ಅವಳು ಒಳಗೆ ಹೋಗದೆ ಗೇಟಿಗೆ ಒರಗಿ ನಿಂತಳು. ನನಗೆ ಕತ್ತಲಾಗುವ ಮೊದಲು ರಾಜಾಜಿನಗರದ ಬಸ್ಸು ಹಿಡಿಯಬೇಕಿತ್ತು.

“ಬರ್ತೀನಿ ಮಂಜುಳಾ,” ಎಂದೆ.

“ಯಾವಾಗ?” ಎಂದಳು.

ಬರ್ತೀನಿ ಎಂದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಅವಳು ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

“ಶುಕ್ರವಾರ,” ಎಂದೆ. “ಶುಕ್ರವಾರ ಸಂಜೆ ಬರ್ತೀನಿ.”

ತಲೆಯಾಡಿಸಿದಳು. ಬೀದಿಯ ಕೊನೆಯಲ್ಲಿ ತಿರುಗಿ ನೋಡಿದೆ. ಅವಳು ಗೇಟಿನ ಹೊರಗೇ ನಿಂತಿದ್ದಳು, ಹಳದಿ ಸೀರೆ ಆ ಮಬ್ಬಿನಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು.